ಮನೆಯ ಡೌನ್‌ಲೋಡ್ ವೇಗ ಮತ್ತು ಫೈಲು ಹಂಚುವ ತಂತ್ರಾಂಶದ ಆಯ್ಕೆ

ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ಅಡಿಕೆ ಧಾರಣೆ, ಗೊಬ್ಬರದ ದಾಸ್ತಾನು ವಿಚಾರಿಸಿದ ಮೇಲೆ ಈಚೆಗೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. “ತಿಂಗಳಿಗೆ ಇಷ್ಟು ದುಡ್ಡು ಕಟ್ಟಿ ಇಂಟರ್‌ನೆಟ್ ಹಾಕಿಸಿಕೊಂಡಿದ್ದೇವೆ, ಒಂದು ವಿಡಿಯೋ ಇಳಿಸಿಕೊಳ್ಳಲು ಅರ್ಧ ಗಂಟೆ ಬೇಕು, ಯಾವ ಆ್ಯಪ್ ಹಾಕಿದರೆ ಬೇಗ ಬರುತ್ತದೆ?” ಎಂಬುದೇ ಆ ಪ್ರಶ್ನೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರಿಸುವುದಕ್ಕಿಂತ ಪತ್ರಿಕೆಯ ಮೂಲಕವೇ ವಿವರವಾಗಿ ತಿಳಿಸುವುದು ಉಚಿತವೆಂದು ತೋರಿದ್ದರಿಂದ ಈ ಲೇಖನ.

ಈ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ವೇಗ ಕಡಿಮೆಯಾಗುವುದು ಬಹುಮಟ್ಟಿಗೆ ದಾರಿಯ ದೋಷದಿಂದ; ಆ್ಯಪ್ ಬದಲಾಯಿಸಿದರೆ ಅದು ಸರಿಹೋಗುವುದಿಲ್ಲ. ಯಾವ ತಂತ್ರಾಂಶ ಬೇಕು ಎಂಬುದಾದರೋ, ಫೈಲು ಎಷ್ಟು ದೂರ ಹೋಗಬೇಕು, ಎಷ್ಟು ಜನರಿಗೆ ಹೋಗಬೇಕು ಎಂಬುದನ್ನು ನೋಡಿಕೊಂಡು ನಿರ್ಧರಿಸಬೇಕಾದ ವಿಷಯ. ಇವೆರಡನ್ನೂ ಕಲಸಿಕೊಂಡು, ‘ವೇಗ ಹೆಚ್ಚಿಸುವ ಆ್ಯಪ್’ ಎಂದು ಕಂಡಕಂಡದ್ದನ್ನೆಲ್ಲ ಫೋನಿಗೆ ತುಂಬಿಕೊಂಡವರು ನಮ್ಮಲ್ಲಿ ಇದ್ದಾರೆ. ಅದರಿಂದ ಆಗಬಹುದಾದ ನಷ್ಟದ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇವೆ.

ನಮಗೆ ಈ ವಿಷಯದ ಬಗ್ಗೆ ಆಸಕ್ತಿ ಹುಟ್ಟಿದ್ದು ವಿಜಯಪುರ ಜಿಲ್ಲೆಯ ಪ್ರವಾಸದ ನಂತರ. ಬೇಸಿಗೆಯಲ್ಲಿ ನಮ್ಮ ಕೆರೆ, ಹಳ್ಳಗಳು ಮಾರ್ಚಿಗೇ ತಳ ಕಾಣುತ್ತಿರುವುದರಿಂದ, ನೀರನ್ನು ಅಳೆದು ಸುರಿಯುವವರಿಂದ ನಾಲ್ಕು ಮಾತು ಕಲಿಯೋಣವೆಂದು ನಾವು ಕೆಲವರು ಸದಸ್ಯರು ಸೇರಿ ವಿಜಯಪುರ ನಗರ, ಅಲ್ಲಿಂದ ಟಿಕೋಟಾ, ಬಬಲೇಶ್ವರದ ಕಡೆಯ ದ್ರಾಕ್ಷಿ ತೋಟಗಳನ್ನು ನೋಡಿ ಬಂದೆವು. ಕಪ್ಪು ನೆಲ, ಕಣ್ಣು ಹಾಯುವಷ್ಟು ದೂರ ಬಯಲು, ಮಧ್ಯೆ ಹಸಿರು ಚಪ್ಪರಗಳು, ಪಕ್ಕದಲ್ಲೇ ಒಣದ್ರಾಕ್ಷಿಯ ಶೆಡ್ಡುಗಳು. ಹನಿ ನೀರಾವರಿಯಲ್ಲಿ ಗೊಬ್ಬರ ಬಿಡುವ ಕ್ರಮ, ಫಿಲ್ಟರ್ ತೊಳೆಯುವ ರೀತಿ, ಚಾಟನಿಯ ವಿಡಿಯೋಗಳು ಎಲ್ಲವನ್ನೂ ಅವರು ಧಾರಾಳವಾಗಿ ಹಂಚಿಕೊಂಡರು. ಈಗಲೂ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಫೈಲುಗಳ ಕೊಡುಕೊಳ್ಳುವಿಕೆ ನಡೆದೇ ಇದೆ. ಒಂದು ತುದಿಯಲ್ಲಿ ಬಯಲು, ಇನ್ನೊಂದು ತುದಿಯಲ್ಲಿ ಮಲೆನಾಡು. ಎರಡೂ ಕಡೆ ಇಂಟರ್‌ನೆಟ್ಟಿಗೆ ಬರುವ ಕಾಯಿಲೆಗಳೇ ಬೇರೆ. ಹಾಗಾಗಿ ಹೋಲಿಸಿ ನೋಡಲು ಅನುಕೂಲವಾಯಿತು.

ಎಂಬಿಪಿಎಸ್ ಎಂದರೇನು?

ಕಂಪನಿಯವರು ‘ನೂರು ಎಂಬಿಪಿಎಸ್’ ಎನ್ನುವಾಗ ಅದು ಒಂದು ಸೆಕೆಂಡಿಗೆ ನೂರು ಮೆಗಾಬಿಟ್. ನಮ್ಮ ಫೈಲಿನ ಗಾತ್ರವನ್ನು ಅಳೆಯುವುದು ಮೆಗಾಬೈಟಿನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ ನೂರು ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಬರಬಹುದು. 1500 ಮೆಗಾಬೈಟಿನ, ಅಂದರೆ ಒಂದೂವರೆ ಜಿಬಿಯ ವಿಡಿಯೋ ಎರಡು ನಿಮಿಷದಲ್ಲಿ ಇಳಿಯಬೇಕು. ಅದಕ್ಕೆ ಅರ್ಧ ಗಂಟೆ ಹಿಡಿಯುತ್ತಿದೆಯೆಂದರೆ ನಿಮಗೆ ನಿಜವಾಗಿ ತಲುಪುತ್ತಿರುವುದು ಏಳು ಎಂಬಿಪಿಎಸ್‌ಗಿಂತಲೂ ಕಡಿಮೆ. ಉಳಿದ ತೊಂಬತ್ತಮೂರು ಎಲ್ಲಿ ಸೋರಿ ಹೋಯಿತು ಎಂಬುದನ್ನು ಹುಡುಕಬೇಕು. ಹುಡುಕದೆ ಇನ್ನೂರು ಎಂಬಿಪಿಎಸ್ ಪ್ಲಾನಿಗೆ ಹಣ ಕಟ್ಟುವುದು, ಪೈಪು ಒಡೆದಿರುವಾಗ ದೊಡ್ಡ ಪಂಪು ತಂದಂತೆ.

(ಸರ್ಕಾರದ ವ್ಯಾಖ್ಯೆಯ ಪ್ರಕಾರ ‘ಬ್ರಾಡ್‌ಬ್ಯಾಂಡ್’ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ಇದ್ದರೆ ಸಾಕು. 2023ರ ಜನವರಿಗೆ ಮೊದಲು ಈ ಮಿತಿ 512 ಕೆಬಿಪಿಎಸ್ ಇತ್ತು. ಜಾಹೀರಾತಿನಲ್ಲಿ ಆ ಪದ ಕಂಡ ಮಾತ್ರಕ್ಕೆ ಸಂತೋಷಪಡಬೇಕಾಗಿಲ್ಲ.)

ಬಬಲೇಶ್ವರದ ಕಡೆಯವರಿಗೆ ಇದನ್ನು ವಿವರಿಸುವುದು ನಮಗೆ ಕಷ್ಟವಾಗಲಿಲ್ಲ. ಅಲ್ಲಿ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿದೆ. ಕೃಷ್ಣೆಯ ನೀರನ್ನು ಎತ್ತಿ ಒಣಭೂಮಿಗೆ ಹರಿಸುವ ವ್ಯವಸ್ಥೆ. ಹೊಳೆ ತುಂಬಿ ಹರಿದ ಮಾತ್ರಕ್ಕೆ ಕಾಲುವೆಯ ಕಟ್ಟಕಡೆಯ ಹೊಲಕ್ಕೆ ನೀರು ಬಂತೆಂದು ಅರ್ಥವಲ್ಲ ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಎತ್ತುವ ಯಂತ್ರ, ಮುಖ್ಯ ಕೊಳವೆ, ಕವಲು ಕಾಲುವೆ, ಹೊಲಗಾಲುವೆ, ಕೊನೆಗೆ ನಿಮ್ಮ ಮಡಿ. ಇವುಗಳಲ್ಲಿ ಎಲ್ಲಿ ಇಕ್ಕಟ್ಟಿದೆಯೋ ಅಷ್ಟೇ ನೀರು ನಿಮ್ಮ ಪಾಲಿಗೆ. ಇಂಟರ್‌ನೆಟ್ಟಿನದೂ ಇದೇ ಕಥೆ. ಫೈಲು ಇರುವ ದೂರದ ಕಂಪ್ಯೂಟರು, ಕಂಪನಿಯ ಜಾಲ, ಊರಿನಿಂದ ಮನೆಗೆ ಬರುವ ತಂತಿ ಅಥವಾ ಟವರು, ಮನೆಯ ರೌಟರ್, ಅಲ್ಲಿಂದ ನಿಮ್ಮ ಕೈಯ ಫೋನು. ಈ ಐದರಲ್ಲಿ ಕೊನೆಯ ಎರಡು ಮಾತ್ರ ನಮ್ಮ ಸ್ವಾಧೀನದಲ್ಲಿವೆ. ಆದರೆ ಮನೆಗಳಲ್ಲಿ ನಾವು ಪರೀಕ್ಷಿಸಿ ನೋಡಿದ ಮಟ್ಟಿಗೆ ಹೆಚ್ಚಿನ ಸೋರಿಕೆ ಇರುವುದೂ ಈ ಕೊನೆಯ ಎರಡರಲ್ಲೇ.

ಮೊದಲು ಅಳೆಯಿರಿ

ಅಳತೆ ಮಾಡುವ ಕ್ರಮ ಹೀಗೆ. ಒಂದು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲಿನಿಂದ ನೇರವಾಗಿ ರೌಟರಿಗೆ ಜೋಡಿಸಿ, ಮನೆಯ ಬೇರೆ ಫೋನು, ಟಿವಿಗಳ ಸಂಪರ್ಕ ತಪ್ಪಿಸಿ, ವೇಗ ಪರೀಕ್ಷೆ ಮಾಡಿರಿ. ಫಾಸ್ಟ್ ಡಾಟ್ ಕಾಮ್ ಆಗಬಹುದು, ಊಕ್ಲಾದವರ ಸ್ಪೀಡ್‌ಟೆಸ್ಟ್ ಆಗಬಹುದು. ಮೊಬೈಲಿಗೆ ಟ್ರಾಯ್ ಸಂಸ್ಥೆಯ ಮೈಸ್ಪೀಡ್ ಎಂಬ ಆ್ಯಪ್ ಇದೆ. ಬೆಳಿಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ, ಮೂರು ದಿನ ನೋಡಿ ಒಂದು ಚೀಟಿಯಲ್ಲಿ ಬರೆದಿಡಿ. ಅನಂತರ ನೀವು ಸಾಮಾನ್ಯವಾಗಿ ಕುಳಿತುಕೊಳ್ಳುವ ಜಾಗದಲ್ಲಿ ವೈಫೈ ಮೂಲಕ ಅದೇ ಪರೀಕ್ಷೆ ಮಾಡಿ.

ಕೇಬಲಿನಲ್ಲಿ ತೊಂಬತ್ತು ಬಂದು ವೈಫೈಯಲ್ಲಿ ಎಂಟು ಬಂದರೆ ದೋಷ ಮನೆಯೊಳಗಿದೆ. ಕಂಪನಿಯವರನ್ನು ಬೈದು ಪ್ರಯೋಜನವಿಲ್ಲ. ಕೇಬಲಿನಲ್ಲೇ ಕಡಿಮೆ ಬಂದರೆ ಚೀಟಿಯೊಂದಿಗೆ ದೂರು ಕೊಡಿ; ಅಂಕಿಸಂಖ್ಯೆಯ ದೂರಿಗೆ ಇರುವ ಬೆಲೆ ‘ಭಾಳ ಸ್ಲೋ’ ಎಂಬ ದೂರಿಗೆ ಇಲ್ಲ. ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಮಾತ್ರ ಬಿದ್ದುಹೋಗುತ್ತಿದ್ದರೆ ಅದು ಹಂಚಿಕೆಯ ತೊಂದರೆ. ಮನೆಗೆ ಬರುವ ಫೈಬರಿನಲ್ಲಿ ಒಂದೇ ಎಳೆಯನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಕವಲೊಡೆದಿರುತ್ತಾರೆ. ಎಲ್ಲರೂ ಒಮ್ಮೆಗೇ ಧಾರಾವಾಹಿ ನೋಡಲು ಕೂತರೆ ಪ್ರತಿಯೊಬ್ಬರ ಪಾಲೂ ಇಳಿಯುತ್ತದೆ. ತಿಂಗಳ ಕೊನೆಯಲ್ಲಿ ಮಾತ್ರ ಬೀಳುತ್ತಿದ್ದರೆ ಪ್ಲಾನಿನ ಮಿತಿ ಮುಗಿದಿರಬಹುದು. ಮಿತಿ ಮುಗಿದ ಮೇಲೆ ವೇಗ ಇಳಿಸುವ ಷರತ್ತನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಕೇಬಲಿನಲ್ಲಿ ಸರಿಯಾಗಿ ತೊಂಬತ್ತೈದಕ್ಕೆ ಬಂದು ಅಲ್ಲೇ ನಿಂತರೆ, ಪ್ಲಾನು ಇನ್ನೂರರದಾಗಿದ್ದರೆ, ಲ್ಯಾನ್ ಕೇಬಲಿನ ನಾಲ್ಕು ಜೋಡಿ ತಂತಿಗಳಲ್ಲಿ ಎರಡು ಜೋಡಿ ಮಾತ್ರ ಕೆಲಸ ಮಾಡುತ್ತಿರುವ ಸಂಭವ ಹೆಚ್ಚು. ಇಲಿ ಕಡಿದ ಕೇಬಲು ಬದಲಿಸಿದರೆ ಆಯಿತು.

ವಿಜಯಪುರದ ಮನೆಗಳಲ್ಲಿ ಕಂಡದ್ದು

ವಿಜಯಪುರ ನಗರದಲ್ಲಿ ನಾವು ಇಳಿದುಕೊಂಡಿದ್ದ ಸ್ನೇಹಿತರ ಮನೆಗೆ ಫೈಬರ್ ಸಂಪರ್ಕವಿತ್ತು, ಒಳ್ಳೆಯ ಪ್ಲಾನೂ ಇತ್ತು. ಆದರೂ ಪಡಸಾಲೆಯಲ್ಲಿ ಕುಳಿತರೆ ವಿಡಿಯೋ ನಿಂತು ನಿಂತು ಬರುತ್ತಿತ್ತು. ಫೋನಿನಲ್ಲಿ ನೋಡಿದರೆ ಅಕ್ಕಪಕ್ಕದ ಇಪ್ಪತ್ತಕ್ಕೂ ಹೆಚ್ಚು ವೈಫೈಗಳ ಹೆಸರು ಕಂಡವು. ಒತ್ತೊತ್ತಾದ ಓಣಿ, ಒಂದಕ್ಕೊಂದು ತಾಗಿದ ಗೋಡೆಗಳು. ವೈಫೈಯ ಹಳೆಯ ತರಂಗಪಟ್ಟಿಯಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು 1, 6, 11 ಎಂಬ ಮೂರು ಮಾತ್ರ. ಇಪ್ಪತ್ತು ಮನೆಯವರು ಮೂರೇ ಚಾನೆಲುಗಳಲ್ಲಿ ಮಾತಾಡಬೇಕಾಗಿ ಬಂದರೆ ಏನಾಗಬೇಕು?

ಗೋಳಗುಮ್ಮಟದ ಮೇಲಿನ ಪಿಸುಗುಟ್ಟುವ ಮೊಗಸಾಲೆಗೆ ಹೋದವರಿಗೆ ಇದರ ಅನುಭವವಿದೆ. ಮುಂಜಾನೆ, ಜನ ಬರುವ ಮುಂಚೆ ಹೋದರೆ ಈ ಕಡೆ ಗೋಡೆಗೆ ಪಿಸುಗುಟ್ಟಿದ್ದು ಆ ಕಡೆ ಸ್ಪಷ್ಟವಾಗಿ ಕೇಳಿಸುತ್ತದೆ. ಶಾಲೆಯ ಮಕ್ಕಳ ಎರಡು ಬಸ್ಸು ಬಂದು ಎಲ್ಲರೂ ಒಟ್ಟಿಗೆ ಕೂಗಲು ಶುರುಮಾಡಿದರೆ ನಿಮ್ಮ ಪಕ್ಕದಲ್ಲಿ ನಿಂತವರ ಮಾತೂ ತಿಳಿಯುವುದಿಲ್ಲ. ಗುಮ್ಮಟ ಅದೇ, ಗೋಡೆ ಅದೇ. ಗದ್ದಲ ಹೆಚ್ಚಿದೆ, ಅಷ್ಟೆ. ಗದ್ದಲದ ವೈಫೈಯಲ್ಲಿ ರೌಟರುಗಳು ಒಬ್ಬರ ಮಾತು ಮುಗಿಯಲೆಂದು ಒಬ್ಬರು ಕಾಯುತ್ತವೆ, ಮಾತು ಕಲಸಿಹೋದರೆ ಮತ್ತೆ ಹೇಳುತ್ತವೆ. ಆ ಕಾಯುವಿಕೆಯೇ ನಿಮ್ಮ ವಿಳಂಬ.

ಅಲ್ಲಿ ಮಾಡಿದ್ದು ಇಷ್ಟೆ. ಆ ರೌಟರಿನಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯೂ ಇತ್ತು, ಯಾರೂ ಬಳಸುತ್ತಿರಲಿಲ್ಲ. ಅದಕ್ಕೆ ಬೇರೆ ಹೆಸರಿಟ್ಟು ಫೋನುಗಳನ್ನು ಅದಕ್ಕೆ ಸೇರಿಸಿದೆವು. 5 ಗಿಗಾಹರ್ಟ್ಸ್‌ಗೆ ಚಾನೆಲುಗಳು ಹೆಚ್ಚು, ವೇಗ ಹೆಚ್ಚು. ಗೋಡೆ ದಾಟುವ ಶಕ್ತಿ ಮಾತ್ರ ಕಡಿಮೆ. ಊರಿನ ಮನೆಯಲ್ಲಿ ಆ ದೌರ್ಬಲ್ಯವೇ ಅನುಕೂಲ, ಏಕೆಂದರೆ ಪಕ್ಕದ ಮನೆಯವರ ತರಂಗವೂ ನಿಮ್ಮ ಮನೆಯೊಳಗೆ ಬರುವುದಿಲ್ಲ. ಜೊತೆಗೆ ಕಬ್ಬಿಣದ ಬೀರುವಿನ ಹಿಂದೆ ಕೂತಿದ್ದ ರೌಟರನ್ನು ಹೊರಗೆ ತೆಗೆದು ಪಡಸಾಲೆಯ ಗೋಡೆಗೆ ಎತ್ತರದಲ್ಲಿ ಮೊಳೆ ಹೊಡೆದು ಇಟ್ಟದ್ದಾಯಿತು. ಖರ್ಚು ಎರಡು ಮೊಳೆ.

ಟಿಕೋಟಾದಲ್ಲಿ ಬೇರೆ ಸಂಗತಿ. ಕಲ್ಲಿನ ದಪ್ಪ ಗೋಡೆಯ ಹಳೆಯ ಮನೆ, ಹಿಂದೆ ಶೆಡ್ಡು. ವೈಫೈ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಸೊರಗಿಹೋಗುತ್ತಿತ್ತು. ಇಂಥ ಕಡೆ ಜನ ಪೇಟೆಯಿಂದ ‘ರಿಪೀಟರ್’ ತಂದು ಹಾಕುತ್ತಾರೆ. ಅದು ಕೇಳಿಸಿಕೊಂಡದ್ದನ್ನೇ ಮತ್ತೆ ಕೂಗುವ ಯಂತ್ರ. ಕೇಳಲೂ ಕೂಗಲೂ ಒಂದೇ ತರಂಗವನ್ನು ಬಳಸುವ ಅಗ್ಗದ ರಿಪೀಟರಿನಲ್ಲಿ ವೇಗ ಅರ್ಧಕ್ಕೆ ಇಳಿಯುತ್ತದೆ. ಅದಕ್ಕಿಂತ ಒಂದು ಲ್ಯಾನ್ ಕೇಬಲು ಎಳೆದು, ಮನೆಯಲ್ಲಿ ಬಿದ್ದಿರುವ ಹಳೆಯ ರೌಟರನ್ನು ಆ ತುದಿಗೆ ‘ಆಕ್ಸೆಸ್ ಪಾಯಿಂಟ್’ ಆಗಿ ಕೂರಿಸುವುದು ಮೇಲು. ಇಂಥ ಕೇಬಲು ನೂರು ಮೀಟರಿನವರೆಗೆ ಕೆಲಸ ಮಾಡುತ್ತದೆ.

ಬಬಲೇಶ್ವರದ ಕಡೆ ಹೊಲದ ಮಧ್ಯದ ವಸ್ತಿಯಲ್ಲಿದ್ದ ಬೆಳೆಗಾರರಿಗೆ ತಂತಿಯೇ ಇಲ್ಲ, ಮೊಬೈಲು ಮಾತ್ರ. ಬಯಲು ಸೀಮೆಯಾದ್ದರಿಂದ ಟವರು ಕಣ್ಣಿಗೇ ಕಾಣುತ್ತಿತ್ತು. ಆದರೂ ತಗಡಿನ ಸೂರಿನ ಕೆಳಗೆ ಫೋನು ಇಟ್ಟುಕೊಂಡು ಹಾಟ್‌ಸ್ಪಾಟ್ ಹಚ್ಚಿದರೆ ಬರುವುದೇನು? ತಗಡು ತರಂಗವನ್ನು ತಡೆಯುತ್ತದೆ. ಸಿಮ್ ಹಾಕುವ 4ಜಿ ರೌಟರನ್ನು ಟವರಿನ ಕಡೆಯ ಕಿಟಕಿಯಲ್ಲಿ ಇಟ್ಟ ಮೇಲೆ ಅವರ ಡೌನ್‌ಲೋಡ್ ಸುಧಾರಿಸಿತು. ಆದರೆ ಅಪ್‌ಲೋಡ್, ಅಂದರೆ ಅಲ್ಲಿಂದ ಹೊರಗೆ ಕಳಿಸುವ ವೇಗ, 2 ಎಂಬಿಪಿಎಸ್ ದಾಟಲಿಲ್ಲ. ಮೊಬೈಲಿನಲ್ಲಿ ಅಪ್‌ಲೋಡ್ ಸಾಮಾನ್ಯವಾಗಿ ಡೌನ್‌ಲೋಡಿಗಿಂತ ಕಡಿಮೆ. ಟವರಿಗೆ ದೊಡ್ಡ ದನಿಯಿದೆ, ಕೈಯ ಫೋನಿಗೆ ಸಣ್ಣ ದನಿ. ಒಂದೂವರೆ ಜಿಬಿಯ ವಿಡಿಯೋವನ್ನು ಅವರು ಮೇಲಕ್ಕೆ ಕಳಿಸಲು ಒಂದು ಗಂಟೆ ನಲವತ್ತು ನಿಮಿಷ ಬೇಕು. ನಾವು ಇಲ್ಲಿ ಕುಳಿತು ನಮ್ಮ ಪ್ಲಾನನ್ನು ಎಷ್ಟೇ ಏರಿಸಿಕೊಂಡರೂ ಆ ಹೊತ್ತು ಕಡಿಮೆಯಾಗದು. ನಿಧಾನವೆಂದು ದೂರುವ ಮೊದಲು ಕಳಿಸುವವರ ಕಡೆಯನ್ನೂ ವಿಚಾರಿಸಬೇಕು.

ನಮ್ಮ ಮಲೆನಾಡಿಗೆ ಬಂದರೆ ಅಕ್ಕಪಕ್ಕದವರ ವೈಫೈ ಗದ್ದಲ ನಮಗಿಲ್ಲ, ಪಕ್ಕದ ಮನೆಯೇ ಅರ್ಧ ಮೈಲಿ. ಆದ್ದರಿಂದ ನಮಗೆ 2.4 ಗಿಗಾಹರ್ಟ್ಸ್ ನಿಶ್ಚಿಂತೆಯಿಂದ ನಡೆಯುತ್ತದೆ, ಅಂಗಳದವರೆಗೂ ಬರುತ್ತದೆ. ನಮ್ಮ ಶತ್ರುಗಳು ಗುಡ್ಡ, ಒದ್ದೆ ಎಲೆಯ ಮರಗಳು, ಸಿಡಿಲು, ಕರೆಂಟು. ಮರಗಸಿ ಕಾಲದಲ್ಲಿ ಕೊಂಬೆ ಬಿದ್ದು ಫೈಬರ್ ತುಂಡಾಗುವುದು, ಅಥವಾ ತುಂಡಾಗದೆ ಮಡಚಿಕೊಳ್ಳುವುದು ವರ್ಷವರ್ಷದ ಗೋಳು. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿದರೆ ಬೆಳಕು ಬರುತ್ತಿಲ್ಲವೆಂದು ತಿಳಿಯಬೇಕು. ರೌಟರನ್ನು ಹತ್ತು ಸಲ ಆರಿಸಿ ಹೊತ್ತಿಸಿ ಫಲವಿಲ್ಲ. ಮನೆಯಿಂದ ಗೋದಾಮಿಗೆ, ಕಣದ ಕೋಣೆಗೆ ತಂತಿ ಎಳೆಯುವ ಸದಸ್ಯರಿಗೆ ಒಂದು ಎಚ್ಚರಿಕೆ: ಎರಡು ಕಟ್ಟಡಗಳ ನಡುವೆ ತಾಮ್ರದ ಲ್ಯಾನ್ ಕೇಬಲು ಎಳೆದರೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಅದು ಸಿಡಿಲಿನ ವಿದ್ಯುತ್ತನ್ನು ಒಳಗೆ ತರುವ ದಾರಿಯಾಗುತ್ತದೆ. ಅಲ್ಲಿ ಫೈಬರ್ ಎಳೆದು ಎರಡು ತುದಿಗೂ ಸಣ್ಣ ಪರಿವರ್ತಕ ಪೆಟ್ಟಿಗೆ ಹಾಕಿಸಿ. ಫೈಬರಿನ ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಕೊಳ್ಳುವಾಗ ಒಳಗೆ ಉಕ್ಕಿನ ತಂತಿಯಿಲ್ಲದ ಫೈಬರ್ ಕೇಳಿ ತೆಗೆದುಕೊಳ್ಳಿ. ಗುಡುಗು ಶುರುವಾದೊಡನೆ ರೌಟರಿನ ಪ್ಲಗ್ಗು ಕೀಳುವ ಅಭ್ಯಾಸ ಹೇಗೂ ಇರಲಿ.

ಕರೆಂಟು ಹೋದಾಗ ಅರ್ಧಕ್ಕೆ ನಿಂತ ಡೌನ್‌ಲೋಡ್ ಮತ್ತೆ ಮೊದಲಿನಿಂದ ಶುರುವಾಗುವುದು ನಮ್ಮಲ್ಲಿ ಅತಿ ದೊಡ್ಡ ಕಾಲಹರಣ. ರೌಟರಿಗೆಂದೇ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ, ಹಾಕಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ದೊಡ್ಡ ಫೈಲುಗಳಿಗೆ ಬ್ರೌಸರನ್ನು ನಂಬದೆ ಡೌನ್‌ಲೋಡ್ ಮ್ಯಾನೇಜರ್ ಇಟ್ಟುಕೊಳ್ಳಿ. ಫ್ರೀ ಡೌನ್‌ಲೋಡ್ ಮ್ಯಾನೇಜರ್ ಎಂಬುದು ಉಚಿತ. ನಿಂತಲ್ಲಿಂದ ಮುಂದುವರಿಸುತ್ತದೆ, ರಾತ್ರಿ ಹನ್ನೊಂದರ ನಂತರ ಶುರುಮಾಡು ಎಂದರೆ ಆಗ ಶುರುಮಾಡುತ್ತದೆ. ‘ಡಿಎನ್‌ಎಸ್ ಬದಲಿಸಿದರೆ ವೇಗ ಹೆಚ್ಚುತ್ತದೆ’ ಎಂದು ಕೆಲವರು ಹೇಳುವುದುಂಟು. ಅದರಿಂದ ಪುಟ ತೆರೆಯುವುದು ಕ್ಷಣ ಬೇಗವಾಗಬಹುದು, ದೊಡ್ಡ ಫೈಲು ಇಳಿಯುವ ವೇಗಕ್ಕೂ ಅದಕ್ಕೂ ಸಂಬಂಧ ಕಡಿಮೆ. ‘ಬೂಸ್ಟರ್’ ಹೆಸರಿನ ಆ್ಯಪ್‌ಗಳಿಂದ ಹೆಚ್ಚುವುದು ಜಾಹೀರಾತು ಮಾತ್ರ.

ತಂತ್ರಾಂಶ ಯಾವುದು?

ಟಿಕೋಟಾದ ಶೆಡ್ಡಿನಲ್ಲಿ ನಿಂತು ಅಲ್ಲಿನ ತರುಣರೊಬ್ಬರ ವಿಡಿಯೋವನ್ನು ಕೇಳಿದಾಗ ನಮ್ಮ ಸದಸ್ಯರೊಬ್ಬರು “ಇಲ್ಲಿ ನೆಟ್‌ವರ್ಕೇ ಇಲ್ಲವಲ್ಲ” ಎಂದರು. ಆ ತರುಣರು ನಕ್ಕು, “ನೆಟ್ ಯಾಕ್ ಬೇಕ್ರಿ ಸಾಹೇಬ್ರ, ಇಬ್ರೂ ಇಲ್ಲೇ ಅದೀವಲ್ರಿ” ಎಂದು ಎರಡು ನಿಮಿಷದಲ್ಲಿ ಫೈಲು ದಾಟಿಸಿದರು. ಬಳಸಿದ್ದು ಆಂಡ್ರಾಯ್ಡ್ ಫೋನಿನಲ್ಲೇ ಇರುವ ಕ್ವಿಕ್ ಶೇರ್. ಮೊದಲು ಇದನ್ನು ನಿಯರ್‌ಬೈ ಶೇರ್ ಎನ್ನುತ್ತಿದ್ದರು, 2024ರಲ್ಲಿ ಹೆಸರು ಬದಲಾಯಿತು. ಎರಡು ಫೋನುಗಳೂ ತಮ್ಮೊಳಗೇ ವೈಫೈ ಕಟ್ಟಿಕೊಂಡು ಮಾತಾಡುತ್ತವೆ, ನಿಮ್ಮ ಡೇಟಾ ಒಂದು ಎಂಬಿಯೂ ಖರ್ಚಾಗುವುದಿಲ್ಲ. ಐಫೋನ್, ಆಂಡ್ರಾಯ್ಡ್, ಕಂಪ್ಯೂಟರ್ ಬೆರೆತಿರುವ ಮನೆಯಲ್ಲಿ ಲೋಕಲ್‌ಸೆಂಡ್ ಎಂಬ ಉಚಿತ ತಂತ್ರಾಂಶ ಅನುಕೂಲ. ಎಲ್ಲವೂ ಒಂದೇ ವೈಫೈಗೆ ಸೇರಿದ್ದರೆ ಸಾಕು, ಆ ವೈಫೈಗೆ ಇಂಟರ್‌ನೆಟ್ ಇರಬೇಕೆಂದಿಲ್ಲ. ನಮ್ಮ ಅನೇಕರಿಗೆ ಅಭ್ಯಾಸವಾಗಿದ್ದ ಶೇರ್‌ಇಟ್, ಝೆಂಡರ್‌ಗಳನ್ನು ಕೇಂದ್ರ ಸರ್ಕಾರ 2020ರ ಜೂನ್ 29ರಂದು ಇತರ ಆ್ಯಪ್‌ಗಳೊಂದಿಗೆ ನಿಷೇಧಿಸಿತು, ಒಟ್ಟು 59. ಅವನ್ನೇ ಬೇರೆ ಬೇರೆ ಕಡೆಯಿಂದ ಹುಡುಕಿ ತಂದು ಹಾಕಿಕೊಳ್ಳುವ ಗೊಡವೆಗೆ ಹೋಗಬಾರದು.

ದೂರದವರಿಗೆ ಕಳಿಸಬೇಕಾದರೆ ವಾಟ್ಸ್ಆ್ಯಪ್ ಎಲ್ಲರ ಕೈಯಲ್ಲಿದೆ. ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಬೆಳೆಯ ಪ್ರಶ್ನೆ ಇದರಲ್ಲಿದೆ. ಅಡಿಕೆಯ ಎಲೆಚುಕ್ಕೆ ರೋಗ ಬಂದಾಗಿನಿಂದ ಸದಸ್ಯರು ಸೋಗೆಯ ಫೋಟೋ ತೆಗೆದು ತಜ್ಞರಿಗೆ ಕಳಿಸುತ್ತಾರೆ. ಸಾಮಾನ್ಯ ಫೋಟೋವಾಗಿ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸುತ್ತದೆ. ಉದ್ದದ ಬದಿಯಲ್ಲಿ ನಾಲ್ಕು ಸಾವಿರ ಚುಕ್ಕಿಗಳಿದ್ದ ಚಿತ್ರ ಸಾವಿರದ ಆರುನೂರರ ಆಸುಪಾಸಿಗೆ ಇಳಿದರೆ, ಒಟ್ಟು ಚುಕ್ಕಿಗಳಲ್ಲಿ ಉಳಿಯುವುದು ಆರರಲ್ಲಿ ಒಂದು ಪಾಲು. ಬರಿಗಣ್ಣಿಗೆ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಆದರೆ ಚುಕ್ಕೆಯ ಸುತ್ತಿನ ಹಳದಿ ಅಂಚು, ನಡುವಿನ ಬೂದುಬಣ್ಣ ಇವನ್ನು ಹಿಗ್ಗಿಸಿ ನೋಡಬೇಕಾದ ವಿಜ್ಞಾನಿಗೆ ಕಾಣುವುದು ಕಲಸಿದ ಬಣ್ಣ. ರೋಗವೋ, ಪೋಷಕಾಂಶದ ಕೊರತೆಯೋ ಎಂದು ಅವರು ತೀರ್ಮಾನಿಸುವುದಾದರೂ ಹೇಗೆ? ಆ ಒಂದು ಸಂದೇಹದ ಮೇಲೆ ನೀವು ಹೊಡೆಯಬೇಕಾದ ಔಷಧಿ, ಅದರ ಖರ್ಚು, ಹತ್ತು ದಿನದ ವಿಳಂಬ ಎಲ್ಲವೂ ನಿಂತಿವೆ. ಆದ್ದರಿಂದ ರೋಗದ ಚಿತ್ರವನ್ನು ‘ಡಾಕ್ಯುಮೆಂಟ್’ ಎಂಬಲ್ಲಿಂದಲೇ ಕಳಿಸಿ. ಅಲ್ಲಿ ಕುಗ್ಗಿಸುವುದಿಲ್ಲ, ಒಂದು ಫೈಲು 2 ಜಿಬಿಯವರೆಗೆ ಇರಬಹುದು. 2023ರಲ್ಲಿ ಬಂದ ‘ಎಚ್‌ಡಿ’ ಗುಂಡಿ ಸಾಧಾರಣ ಕೆಲಸಕ್ಕೆ ಸಾಕು, ಅದು ಪೂರ್ತಿ ಮೂಲಚಿತ್ರವಲ್ಲ.

ಇನ್ನೊಂದು ಅಂಶ. ಫೋನು ತೆಗೆದ ಚಿತ್ರದೊಳಗೆ, ಆ ಸೌಲಭ್ಯ ಚಾಲೂ ಇದ್ದರೆ, ತೆಗೆದ ಜಾಗದ ಅಕ್ಷಾಂಶ ರೇಖಾಂಶ ಅಡಗಿರುತ್ತದೆ. ಫೋಟೋ ಎಂದು ಕಳಿಸಿದರೆ ಆ ವಿವರ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. ಕಾಫಿ ಬೆಳೆಗಾರರಿಗೆ ಇದು ಮುಖ್ಯವಾಗುತ್ತಿದೆ. ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ವಿರೋಧಿ ಕಾನೂನಿನಂತೆ ಕಾಫಿ ಬೆಳೆದ ತಾಕಿನ ಭೌಗೋಳಿಕ ಸ್ಥಾನವನ್ನು ತೋರಿಸಬೇಕು. 4 ಹೆಕ್ಟೇರಿಗಿಂತ ದೊಡ್ಡ ತಾಕಾದರೆ ಗಡಿಯ ಸುತ್ತಲಿನ ಬಿಂದುಗಳನ್ನೇ ಕೊಡಬೇಕು. ದ್ರಾಕ್ಷಿ ರಫ್ತಿನವರು ಅಪೇಡಾದ ಗ್ರೇಪ್‌ನೆಟ್ ವ್ಯವಸ್ಥೆಯಿಂದಾಗಿ ತೋಟದ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಒದಗಿಸುವುದನ್ನು ನಮಗಿಂತ ಮೊದಲೇ ರೂಢಿಸಿಕೊಂಡಿದ್ದಾರೆ. ನಾವೂ ರೂಢಿಸಿಕೊಳ್ಳಲೇಬೇಕಾಗಿದೆ.

ಹತ್ತಾರು ಜನ ನೋಡಬೇಕಾದ ಫೈಲಿಗೆ ಗೂಗಲ್ ಡ್ರೈವ್ ಒಳ್ಳೆಯದು. ಒಮ್ಮೆ ಮೇಲೆ ಹಾಕಿ ಕೊಂಡಿ ಕಳಿಸಿದರೆ ಅವರವರ ವೇಗದಲ್ಲಿ ಅವರವರು ಇಳಿಸಿಕೊಳ್ಳುತ್ತಾರೆ. ಉಚಿತವಾಗಿ ಸಿಗುವುದು 15 ಜಿಬಿ, ಅದರಲ್ಲೇ ನಿಮ್ಮ ಜಿಮೇಲ್, ಫೋಟೋಗಳೂ ಸೇರಿರುತ್ತವೆ. ‘ಕೊಂಡಿಯಿರುವ ಯಾರಾದರೂ’ ಎಂಬ ಅನುಮತಿಯನ್ನು ಪಹಣಿ, ಆಧಾರ್, ಪಾಸ್‌ಬುಕ್ಕಿನ ಪ್ರತಿಗಳಿಗೆ ಕೊಡಲೇಬೇಡಿ. ಆ ಕೊಂಡಿ ಯಾರ ಕೈಯಿಂದ ಯಾರ ಕೈಗೆ ಹೋಗುವುದೆಂದು ತಿಳಿಯುವುದಿಲ್ಲ.

ತರುಣ ಸದಸ್ಯರು ಟೊರೆಂಟ್ ಬಗ್ಗೆ ಕೇಳುತ್ತಾರೆ. ಬಿಟ್‌ಟೊರೆಂಟ್ ಎಂಬ ಈ ಪದ್ಧತಿಯನ್ನು 2001ರಲ್ಲಿ ಬ್ರಾಮ್ ಕೋಹೆನ್ ಎಂಬ ಅಮೆರಿಕದ ತಂತ್ರಜ್ಞರು ರೂಪಿಸಿದರು. ನಮ್ಮ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದು ಹೊಸತೆನಿಸದು. ಫೈಲನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದು ತುಂಡು ಪಡೆದವನು ಅದನ್ನು ಇನ್ನೊಬ್ಬನಿಗೆ ಕೊಡುತ್ತ, ತನ್ನಲ್ಲಿಲ್ಲದ ತುಂಡನ್ನು ಬೇರೊಬ್ಬನಿಂದ ಪಡೆಯುತ್ತ ಹೋಗುತ್ತಾನೆ. ಬಬಲೇಶ್ವರದ ಆ 2 ಎಂಬಿಪಿಎಸ್‌ನಿಂದ ಇಪ್ಪತ್ತು ಜನರಿಗೆ ನೇರವಾಗಿ ಒಬ್ಬೊಬ್ಬರಿಗೂ ಕಳಿಸಹೊರಟರೆ ಮೂವತ್ತಮೂರು ಗಂಟೆ ಬೇಕು. ಮುಯ್ಯಿಯ ಕ್ರಮದಲ್ಲಿ ಅಲ್ಲಿಂದ ಒಂದು ಪೂರ್ತಿ ಪ್ರತಿ ಹೊರಬಿದ್ದರೆ ಸಾಕು, ಮಿಕ್ಕದ್ದನ್ನು ಇಪ್ಪತ್ತು ಜನ ತಮ್ಮೊಳಗೇ ಹಂಚಿಕೊಳ್ಳುತ್ತಾರೆ. ಆದರೆ ಅಷ್ಟೂ ಜನರ ಕಂಪ್ಯೂಟರು ಒಂದೇ ಹೊತ್ತಿನಲ್ಲಿ ಚಾಲೂ ಇರಬೇಕು. ನಮ್ಮ ಕರೆಂಟಿನ ಸ್ಥಿತಿ ನೋಡಿದರೆ ಅದು ಆಗದ ಮಾತು, ನಮ್ಮೊಳಗಿನ ಕೊಡುಕೊಳ್ಳುವಿಕೆಗೆ ಡ್ರೈವೇ ವಾಸಿ ಎಂಬುದು ನಮ್ಮ ಅಭಿಪ್ರಾಯ.

ಜಗತ್ತಿನಾದ್ಯಂತ ಜನ ಹಂಚುವ ದೊಡ್ಡ ಫೈಲುಗಳಿಗೆ, ಉದಾಹರಣೆಗೆ ಲಿನಕ್ಸ್, ಇಂಟರ್‌ನೆಟ್ ಆರ್ಕೈವ್‌ನ ಹಳೆಯ ಪುಸ್ತಕಗಳಿಗೆ, ಟೊರೆಂಟ್ ಸೊಗಸಾಗಿ ಕೆಲಸ ಮಾಡುತ್ತದೆ. ಬಳಸುವವರು ಕ್ಯೂಬಿಟ್‌ಟೊರೆಂಟ್ ಹಾಕಿಕೊಳ್ಳಿ. ಉಚಿತ, ಜಾಹೀರಾತಿಲ್ಲ, ಅದರ ಒಳಗಿನ ಬರಹ ಎಲ್ಲರ ಪರಿಶೀಲನೆಗೂ ತೆರೆದಿದೆ. ಅದರಲ್ಲಿ ಅಪ್‌ಲೋಡಿಗೆ ಮಿತಿ ಹಾಕುವುದನ್ನು ಮರೆಯಬೇಡಿ. ನಿಮ್ಮ ಅಪ್‌ಲೋಡ್ ವೇಗದ ಮುಕ್ಕಾಲು ಪಾಲಿಗಿಂತ ಹೆಚ್ಚು ಬಿಟ್ಟರೆ, ‘ಬಂತು’ ಎಂದು ಉತ್ತರಿಸುವ ಸಣ್ಣ ಸಂದೇಶಗಳಿಗೂ ದಾರಿಯಿಲ್ಲದೆ ಡೌನ್‌ಲೋಡೇ ಕುಸಿಯುತ್ತದೆ. ನೂರಾರು ಸಂಪರ್ಕ ತೆರೆದರೆ ಅಗ್ಗದ ರೌಟರ್ ಉಸಿರುಗಟ್ಟುತ್ತದೆ. ಹೊಸ ಸಿನಿಮಾಗಳನ್ನು ಹೀಗೆ ಇಳಿಸಿ ಹಂಚುವುದು ಕಾನೂನಿಗೆ ವಿರುದ್ಧ. ಸಿನಿಮಾದ ಕಳ್ಳಪ್ರತಿ ಮಾಡುವವರಿಗೆ, ಹರಡುವವರಿಗೆ 2023ರ ತಿದ್ದುಪಡಿಯ ಪ್ರಕಾರ ಮೂರು ತಿಂಗಳಿಂದ ಮೂರು ವರ್ಷ ಸೆರೆ, ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ ಇದೆ. ಟೊರೆಂಟಿನಲ್ಲಿ ನಿಮ್ಮ ಸಂಪರ್ಕದ ವಿಳಾಸ ಭಾಗವಹಿಸಿದ ಎಲ್ಲರಿಗೂ ಕಾಣುತ್ತದೆ.

ಡ್ರೋನಿನಿಂದ ತೆಗೆದ ತೋಟದ ಚಿತ್ರೀಕರಣದಂಥ ಐವತ್ತು ಅರವತ್ತು ಜಿಬಿಯ ಸರಕಾದರೆ? ನಗಬೇಡಿ, ಪೆನ್‌ಡ್ರೈವಿಗೆ ತುಂಬಿ ಬಸ್ಸಿಗೆ ಹಾಕಿ. ಚಿಕ್ಕಮಗಳೂರಿನಿಂದ ವಿಜಯಪುರಕ್ಕೆ ಹನ್ನೆರಡು ಗಂಟೆ ಎಂದು ಹಿಡಿದರೂ, 64 ಜಿಬಿ ಪೆನ್‌ಡ್ರೈವ್ ಹೊತ್ತ ಬಸ್ಸಿನ ವೇಗ ಸುಮಾರು 12 ಎಂಬಿಪಿಎಸ್ ಆಗುತ್ತದೆ. ಆ ವಸ್ತಿಯ ಅಪ್‌ಲೋಡಿನ ಆರು ಪಟ್ಟು.

ಎಪಿಕೆ ಫೈಲುಗಳ ವಿಷಯ

ಆರಂಭದಲ್ಲಿ ಹೇಳಿದ ನಷ್ಟದ ಮಾತಿಗೆ ಬರುತ್ತೇವೆ. ನಮ್ಮ ಸದಸ್ಯರೊಬ್ಬರ ಫೋನಿಗೆ ಪರಿಚಿತರ ಸಂಖ್ಯೆಯಿಂದಲೇ ಒಂದು ಫೈಲು ಬಂತು. ಹೆಸರು ರೈತರ ಸಹಾಯಧನದ್ದು, ಕೊನೆಯಲ್ಲಿ ‘ಎಪಿಕೆ’ ಎಂಬ ಮೂರಕ್ಷರ. ಒತ್ತಿದರು, ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರು. ರಾತ್ರಿಯೊಳಗೆ ಖಾತೆಯಿಂದ ಆ ವರ್ಷದ ಕಾಳುಮೆಣಸಿನ ಹಣ ಹೋಗಿತ್ತು. ಕಳಿಸಿದ ಪರಿಚಿತರಿಗೆ ಆ ವಿಷಯವೇ ಗೊತ್ತಿರಲಿಲ್ಲ. ಅವರ ಫೋನನ್ನು ಮೊದಲೇ ವಶಪಡಿಸಿಕೊಂಡಿದ್ದರು. ಎಪಿಕೆ ಎಂದರೆ ಚಿತ್ರವೂ ಅಲ್ಲ, ಕಾಗದಪತ್ರವೂ ಅಲ್ಲ. ಫೋನಿನಲ್ಲಿ ಸ್ಥಾಪನೆಯಾಗುವ ಒಂದು ಆ್ಯಪ್. ಅದು ನಿಮ್ಮ ಎಸ್‌ಎಂಎಸ್ ಓದುವ ಅನುಮತಿ ಪಡೆದರೆ ಬ್ಯಾಂಕಿನ ಒಟಿಪಿ ನಿಮಗಿಂತ ಮೊದಲು ಕಳ್ಳನಿಗೆ ತಿಳಿಯುತ್ತದೆ. ಮದುವೆಯ ಕರೆಯೋಲೆ, ವಾಹನದ ದಂಡದ ನೋಟಿಸು, ಪಿಎಂ ಕಿಸಾನ್ ಪಟ್ಟಿ, ‘ವೇಗದ ಶೇರಿಂಗ್ ಆ್ಯಪ್’ ಹೀಗೆ ನಾನಾ ವೇಷದಲ್ಲಿ ಇವು ಬರುತ್ತವೆ. ಮದುವೆಯ ಕರೆಯೋಲೆಗೆ ನಿಮ್ಮ ಎಸ್‌ಎಂಎಸ್ ಓದುವ ಅಗತ್ಯವೇನಿದೆ?

ಆ್ಯಪ್ ಬೇಕಾದರೆ ಪ್ಲೇ ಸ್ಟೋರಿನಿಂದ ಮಾತ್ರ, ಕಂಪ್ಯೂಟರಿನ ತಂತ್ರಾಂಶವಾದರೆ ಅದನ್ನು ಮಾಡಿದವರ ಸ್ವಂತ ತಾಣದಿಂದ ಮಾತ್ರ ತೆಗೆದುಕೊಳ್ಳಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಅಪರಿಚಿತ ಆ್ಯಪ್ ಸ್ಥಾಪನೆ’ ಎಂಬುದು ವಾಟ್ಸ್ಆ್ಯಪ್ ಎದುರಿಗೆ ಮುಚ್ಚಿದೆಯೇ ಎಂದು ಇಂದೇ ನೋಡಿಕೊಳ್ಳಿ. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಫೋನು ಮಾಡಿ, ಆಮೇಲೆ ಬ್ಯಾಂಕಿಗೆ ಹೋಗಿ. ಕಳ್ಳ ಹಣವನ್ನು ಇನ್ನೊಂದು ಖಾತೆಗೆ ದಾಟಿಸುವ ಮುಂಚೆ ತಡೆಹಿಡಿಯಲು ಮೊದಲ ಒಂದೆರಡು ಗಂಟೆಯೇ ಅವಕಾಶ.

ವಿಜಯಪುರದ ಬೆಳೆಗಾರರಿಂದ ಬಂದ ಹನಿ ನೀರಾವರಿ ಮತ್ತು ಫಿಲ್ಟರ್ ತೊಳೆಯುವ ವಿಡಿಯೋಗಳು ಕಚೇರಿಯ ಕಂಪ್ಯೂಟರಿನಲ್ಲಿವೆ. ಬೇಕಾದವರು ಸಂತೆಯ ದಿನ ಬಂದರೆ ಲೋಕಲ್‌ಸೆಂಡ್ ಮೂಲಕ ಫೋನಿಗೆ ಹಾಕಿಕೊಡುತ್ತೇವೆ. ಫೋನಿನಲ್ಲಿ 4 ಜಿಬಿಯಾದರೂ ಖಾಲಿ ಇರಲಿ. ಎಲೆಚುಕ್ಕೆಯ ಚಿತ್ರ ಕಳಿಸುವ ಸದಸ್ಯರು ಸೋಗೆಯ ಎರಡೂ ಬದಿ, ಬಿಸಿಲಿಲ್ಲದ ಬೆಳಕಿನಲ್ಲಿ ತೆಗೆದು, ಡಾಕ್ಯುಮೆಂಟ್ ರೂಪದಲ್ಲಿ, ಸದಸ್ಯತ್ವದ ಸಂಖ್ಯೆಯೊಂದಿಗೆ ಕಳಿಸತಕ್ಕದ್ದು.